ಮೂರು ಬೆರಳು ಬಟ್ಟೆ

ಹೊಲಿಗೆ ಅಂಗಡಿಯ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ದೊಡ್ಡವಳು, ಇನ್ನೊಬ್ಬಳು ಚಿಕ್ಕವಳು. ವಯಸ್ಸು ನೋಡಿ ಕರೆದದ್ದು ಹಾಗೆ. ಉಳಿದ ಅರ್ಥವನ್ನು ಬೀದಿಯವರು ತಾವೇ ಸೇರಿಸಿಕೊಂಡರು. ದೊಡ್ಡವಳಿಗೆ ಈಗ ನಲವತ್ತೊಂದು. ಅಮ್ಮನ ಪಕ್ಕದಲ್ಲಿ ಕತ್ತರಿ ಹಿಡಿದು ನಿಂತು ಇಪ್ಪತ್ತು ವರ್ಷವಾಗಿದೆ. ಚಿಕ್ಕವಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಮೂವತ್ತೆಂಟಕ್ಕೂ ಕಡ್ಡಿಯ ಹಾಗಿದ್ದಾಳೆ, ಸಿಕ್ಕಿದ್ದನ್ನೆಲ್ಲ ತಿಂದು ಅರಗಿಸಿಕೊಳ್ಳುತ್ತಾಳೆ, ಅದೆಲ್ಲ ತನ್ನ ಸಾಧನೆ ಎಂದು ಮನಸಾರೆ ನಂಬಿದ್ದಾಳೆ.

ಆ ಮಂಗಳವಾರ ಮಧ್ಯಾಹ್ನ ಚಿಕ್ಕವಳು ಮಗಳನ್ನು ಕೈಹಿಡಿದು ಎಳೆದುಕೊಂಡು ಅಂಗಡಿಗೆ ಬಂದಳು. ಮಗಳು ಪುಟ್ಟಿ, ಹತ್ತು ವರ್ಷದವಳು. ದುಂಡು ಮುಖ, ದುಂಡು ತೋಳು, ದುಂಡು ಹೊಟ್ಟೆ. ಅಮ್ಮ ಕಡ್ಡಿ, ಅಪ್ಪನೂ ಕಡ್ಡಿ. ಇವಳು ಮಾತ್ರ ದೊಡ್ಡಮ್ಮನನ್ನು ಕಾಪಿ ಹೊಡೆದ ಹಾಗೆ ಹುಟ್ಟಿದ್ದಳು. ಆಸ್ಪತ್ರೆಯಲ್ಲಿ ಮಗು ಬದಲಾಯಿತೇನೋ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಚಿಕ್ಕವಳಿಗೆ ಆ ತಮಾಷೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಸ್ಕೂಲಿನ ಆಟೋಟಕ್ಕೆ ಬಿಳಿ ಅಂಗಿ, ನೀಲಿ ಚಡ್ಡಿ ಬೇಕಂತೆ. ಎಲ್ಲ ಮಕ್ಕಳಿಗೂ ಕಡ್ಡಾಯ. ಚಿಕ್ಕವಳು ಬಟ್ಟೆಯ ಪೊಟ್ಟಣವನ್ನು ಮೇಜಿನ ಮೇಲೆ ಹಾಕಿ, ಸ್ಟೂಲು ಎಳೆದುಕೊಂಡು ಕೂತಳು. ಅಮ್ಮ ಕೊಟ್ಟ ಟೀಗೆ ಎರಡು ಚಮಚ ಸಕ್ಕರೆ ಸಾಲದೆಂದು ಇನ್ನೊಂದು ಹಾಕಿಸಿಕೊಂಡಳು. ಬಿಸ್ಕತ್ತಿನ ಡಬ್ಬ ತೆರೆದು ಒಂದಾದ ಮೇಲೊಂದು ಅದ್ದಿ ತಿನ್ನುತ್ತ, ಪುಟ್ಟಿಗೆ ಬೆಳಿಗ್ಗೆ ಅರ್ಧ ಬ್ರೆಡ್ಡು, ಮಧ್ಯಾಹ್ನ ಸೌತೆಕಾಯಿ, ಸಂಜೆ ಏನೂ ಇಲ್ಲ ಎಂದು ತಾನು ಮಾಡಿರುವ ಕಟ್ಟುನಿಟ್ಟಿನ ವರದಿ ಒಪ್ಪಿಸಿದಳು. ಪುಟ್ಟಿಯ ಕಣ್ಣು ಡಬ್ಬದಿಂದ ಟೀಗೆ, ಟೀಯಿಂದ ತನ್ನ ಅಮ್ಮನ ಬಾಯಿಗೆ ಹೋಗಿ ಬರುತ್ತಿತ್ತು. ದೊಡ್ಡವಳು ಅದನ್ನು ನೋಡಿದಳು.

ಆಮೇಲೆ ಚಿಕ್ಕವಳು ಮುಖ್ಯ ವಿಷಯಕ್ಕೆ ಬಂದಳು. ಅಂಗಿ, ಚಡ್ಡಿ ಎರಡನ್ನೂ ಅಳತೆಗಿಂತ ಎರಡು ಇಂಚು ಕಡಿಮೆ ಮಾಡಿ ಹೊಲಿಯಬೇಕು.

"ಬಿಗಿಯಾಗಿ ಕಚ್ಚಿದ್ರೆ ಅವಳಿಗೇ ಜ್ಞಾಪಕ ಇರುತ್ತೆ. ತಿನ್ನೋಕೆ ಕೈ ಹೋದಾಗೆಲ್ಲ ಹೊಟ್ಟೆ ಹಿಡೀಲಿ" ಎಂದಳು.

ಇನ್ನೊಂದು ವಿಷಯವೂ ಇತ್ತು. ಸ್ಕೂಲಿನ ಡ್ರಿಲ್ ಟೀಚರಮ್ಮ ಪುಟ್ಟಿಯ ಹೆಸರನ್ನು ದೂರದ ಓಟಕ್ಕೆ ಬರೆದುಕೊಂಡಿದ್ದರು. ಹುಡುಗಿ ನಿಧಾನಕ್ಕೆ ಓಡಿದರೂ ನಿಲ್ಲದೆ ಓಡುತ್ತಾಳೆ, ಮೈದಾನಕ್ಕೆ ನಾಲ್ಕು ಸುತ್ತು ಹಾಕಿದರೂ ಏದುಸಿರಿಲ್ಲ ಎಂದು ಹೇಳಿ ಕಳಿಸಿದ್ದರು. ಅದಕ್ಕೆ ಮನೆಯವರ ಸಹಿ ಬೇಕಿತ್ತು, ಶುಕ್ರವಾರದೊಳಗೆ. ಚಿಕ್ಕವಳು ಸಹಿ ಹಾಕುವುದಿಲ್ಲ ಎಂದು ತೀರ್ಮಾನಿಸಿಯಾಗಿತ್ತು. ಮೊದಲು ಇಳೀಲಿ, ಆಮೇಲೆ ಓಡಲಿ. ಈ ಮೈ ಹೊತ್ತುಕೊಂಡು ಊರವರ ಮುಂದೆ ಓಡಿ ನಗೆಪಾಟಲಾಗುವುದು ಬೇಡ ಎಂಬುದು ಅವಳ ವಾದ. ಅಮ್ಮನೂ ತಲೆಯಾಡಿಸಿದಳು. ಆ ಮೈಗೆ ಓಟ ಆಗಿಬರುವುದಿಲ್ಲ, ಮಂಡಿ ಹೋದಾವು ಎಂದಳು. ಅಮ್ಮ, ಚಿಕ್ಕವಳು ಎಣ್ಣೆ ಸೀಗೆಕಾಯಿಯ ಹಾಗೆ. ಹವಾಮಾನದ ಬಗ್ಗೆಯೂ ಒಮ್ಮತವಿಲ್ಲದವರು. ಪುಟ್ಟಿ ಓಡಬಾರದು ಎಂಬ ಒಂದು ಮಾತಿಗೆ ಮಾತ್ರ ಇಬ್ಬರೂ ಒಂದಾಗಿಬಿಟ್ಟಿದ್ದರು.

ಅಮ್ಮ ಮೊಮ್ಮಗಳನ್ನು ಮೂಲೆಗೆ ಕರೆದು ಅಳತೆ ತೆಗೆದುಕೊಂಡಳು. ಟೇಪು ಸೊಂಟ ಸುತ್ತಿದಾಗ ಹುಡುಗಿ ಉಸಿರು ಒಳಗೆಳೆದುಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಅಂಗಡಿಯಲ್ಲಿ ಎಲ್ಲ ಗಿರಾಕಿಗಳ ಅಳತೆಯೂ ಪುಸ್ತಕದಲ್ಲಿ ಇರುತ್ತದೆ. ಮನೆಯ ಹೆಂಗಸರದ್ದು ಮಾತ್ರ ಅಮ್ಮನ ತಲೆಯೊಳಗೆ. ಪುಟ್ಟಿಯದೂ ಅಲ್ಲಿಗೇ ಹೋಯಿತು.

ಈ ಮನೆಯ ಕೆಲಸದ ಪದ್ಧತಿ ಸ್ವಲ್ಪ ವಿಚಿತ್ರ. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಮ್ಮ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಾಳೆ. ದೊಡ್ಡವಳು ಗೆರೆ ಹಿಡಿದು ಕತ್ತರಿಸುತ್ತಾಳೆ, ಹೊಲಿಯುತ್ತಾಳೆ. ಇಪ್ಪತ್ತು ವರ್ಷದಿಂದ ಹೀಗೇ. ತನ್ನ ಅಳತೆಯನ್ನು ತಾನೇ ತೆಗೆಯಬಾರದು, ಬಗ್ಗಿ ನೋಡಿದ ಕೂಡಲೇ ಟೇಪು ಸುಳ್ಳು ಹೇಳುತ್ತದೆ ಎಂಬುದು ಅಮ್ಮನ ಕಸುಬಿನ ಮೊದಲ ಪಾಠ. ಹಾಗಾಗಿ ದೊಡ್ಡವಳ ಬಟ್ಟೆಗಳನ್ನು ಮೊದಲಿನಿಂದ ಕೊನೆಯವರೆಗೆ ಅಮ್ಮನೇ ಹೊಲಿಯುತ್ತಿದ್ದಳು. ಬೀದಿಯ ಅಷ್ಟೂ ಹೆಂಗಸರ ಸೊಂಟದ ಇಂಚು ಬಾಯಿಪಾಠವಿದ್ದ ದೊಡ್ಡವಳಿಗೆ ತನ್ನ ಸೊಂಟ ಎಷ್ಟು ಎಂದು ಗೊತ್ತಿರಲಿಲ್ಲ. ದಪ್ಪಗಿದ್ದೇನೆಂದು ಗೊತ್ತಿತ್ತು, ಕನ್ನಡಿ ಇದೆ, ಬೀದಿಯಿದೆ. ಆದರೆ ಬಟ್ಟೆ ಯಾವತ್ತೂ ಬಿಗಿಯಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಅಮ್ಮ ನೀಲಿ ಬಟ್ಟೆಗೆ ಗೆರೆ ಹಾಕಿಟ್ಟು ತರಕಾರಿಗೆಂದು ಹೊರಗೆ ಹೋದಳು. ದೊಡ್ಡವಳು ಕತ್ತರಿ ತೆಗೆದುಕೊಂಡು ಬಗ್ಗಿದಳು, ಹಾಗೇ ನಿಂತಳು.

ಹೊಲಿಗೆಯ ಗೆರೆಗೂ ಕತ್ತರಿಸುವ ಗೆರೆಗೂ ನಡುವೆ ಮೂರು ಬೆರಳು ಜಾಗವಿತ್ತು. ಎರಡೂ ಪಕ್ಕದಲ್ಲಿ. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಒಂದು ಬೆರಳು ಬಟ್ಟೆ ಬಿಡುವುದು ಈ ಅಂಗಡಿಯ ವಾಡಿಕೆ. ಮುಂದೆ ಬೇಕಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಮೂರು ಬೆರಳು ಯಾರಿಗೂ ಬಿಟ್ಟದ್ದಿಲ್ಲ. ಚಿಕ್ಕವಳು ಎರಡು ಇಂಚು ಬಿಗಿ ಮಾಡು ಎಂದು ಹೇಳಿ ಹೋದರೆ, ಅಮ್ಮ ಮೂರು ಬೆರಳು ಒಳಗೆ ಬಚ್ಚಿಟ್ಟಿದ್ದಳು. ಮಗುವಿನ ಮೈಯನ್ನು ಒಬ್ಬಳು ಹೊರಗಿನಿಂದ ಹಿಡಿದು ಎಳೆಯುತ್ತಿದ್ದಳು, ಇನ್ನೊಬ್ಬಳು ಇದು ಊದಿಯೇ ತೀರುತ್ತದೆ ಎಂದು ಒಳಗಿನಿಂದ ಜಾಗ ಮಾಡಿಟ್ಟಿದ್ದಳು.

ಅಮ್ಮ ಬಂದಮೇಲೆ ದೊಡ್ಡವಳು ಯಾಕಿಷ್ಟು ಬಿಟ್ಟಿದ್ದು ಎಂದು ಕೇಳಿದಳು. ಅಮ್ಮ ಬುಟ್ಟಿಯಿಂದ ಟೊಮೆಟೊ ತೆಗೆಯುತ್ತ, ತಲೆಯೆತ್ತದೆ ಉತ್ತರ ಕೊಟ್ಟಳು.

"ನಿನಗೂ ಹಾಗೇ ಬಿಟ್ಟಿದ್ದು. ಆ ಮೈಗೆ ಬೇಕಾಗುತ್ತೆ."

ಅಷ್ಟೇ ಹೇಳಿ ಒಳಗೆ ಹೋದಳು. ಹೋಟೆಲಿನವರು ಚಟ್ನಿ ಇನ್ನಷ್ಟು ಬೇಕಾ ಎಂದು ಕೇಳುವಷ್ಟು ಸಲೀಸಾಗಿ ಹೇಳಿದ್ದಳು. ದೊಡ್ಡವಳು ಕತ್ತರಿ ಕೆಳಗಿಟ್ಟು ಮಂಚದ ಕೆಳಗಿನ ಟ್ರಂಕನ್ನು ಎಳೆದಳು. ಅಮ್ಮ ಮಕ್ಕಳ ಹಳೆಯ ಬಟ್ಟೆಗಳಲ್ಲಿ ಒಂದೆರಡನ್ನು ಅದರಲ್ಲಿ ಇಟ್ಟುಕೊಂಡಿದ್ದಾಳೆಂದು ಅವಳಿಗೆ ಗೊತ್ತಿತ್ತು. ನುಸಿಗುಳಿಗೆಯ ವಾಸನೆಯ ನಡುವೆ ಎರಡು ಫ್ರಾಕು ಸಿಕ್ಕಿದವು. ಒಂದೇ ಥಾನಿನ ಹಳದಿ ಬಟ್ಟೆ. ಒಂದು ಅವಳದು, ಆರು ವರ್ಷದ್ದು. ಇನ್ನೊಂದು ಚಿಕ್ಕವಳದು, ಅವಳಿಗೆ ಆರಾದಾಗಿನದು.

ಎರಡನ್ನೂ ಒಳಗು ಹೊರಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಚಿಕ್ಕವಳ ಫ್ರಾಕಿನ ಪಕ್ಕದಲ್ಲಿ ಬಿಟ್ಟಿದ್ದ ಬಟ್ಟೆ ಒಂದು ಬೆರಳು ಕೂಡ ಇರಲಿಲ್ಲ. ತನ್ನ ಫ್ರಾಕಿನಲ್ಲಿ ಮೊದಲ ಹೊಲಿಗೆಯ ಗುರುತಿನಿಂದ ಅಂಚಿನವರೆಗೆ ಮೂರು ಬೆರಳು. ಆ ಮೂರು ಬೆರಳಿನ ಉದ್ದಕ್ಕೂ ಸೂಜಿಯ ಸಣ್ಣ ತೂತುಗಳ ಸಾಲು. ಒಂದಲ್ಲ, ಮೂರು ಸಾಲು. ಹೊಲಿಗೆ ಬಿಚ್ಚಿದರೂ ತೂತು ಹೋಗುವುದಿಲ್ಲ; ಕಸುಬು ಗೊತ್ತಿದ್ದವರಿಗೆ ಅದು ಅಕ್ಷರದ ಹಾಗೆ ಕಾಣುತ್ತದೆ. ಆರನೆಯ ವರ್ಷದಲ್ಲೇ ಒಂದು ಫ್ರಾಕನ್ನು ಮೂರು ಸಲ ಬಿಚ್ಚಿ ಸಡಿಲಿಸಿದ್ದಳು ಅಮ್ಮ. ಅವಳು ಸ್ಕೂಲಿನಲ್ಲಿದ್ದಾಗ, ಅವಳಿಗೆ ತಿಳಿಯದ ಹಾಗೆ. ಹುಡುಗಿ ಮಾರನೆಯ ದಿನ ಅದನ್ನೇ ಹಾಕಿಕೊಂಡು, ನಿನ್ನೆಯ ಹಾಗೇ ಇದ್ದೇನೆ ಎಂದುಕೊಂಡು ಸ್ಕೂಲಿಗೆ ಹೋಗಿದ್ದಳು.

ದೊಡ್ಡವಳಿಗೆ ಎಲ್ಲವೂ ಒಂದೊಂದಾಗಿ ನೆನಪಾಗತೊಡಗಿತು, ನೆನಪಾದಂತೆಲ್ಲ ಪಿತ್ತ ನೆತ್ತಿಗೇರಿತು.

ಅವಳೂ ಓಡುತ್ತಿದ್ದಳು. ಹನ್ನೊಂದನೆಯ ವಯಸ್ಸಿನಲ್ಲಿ ಸ್ಕೂಲಿನ ರಿಲೇ ತಂಡದಲ್ಲಿ ಮೂರನೆಯವಳಾಗಿ ಕೋಲು ಹಿಡಿಯುತ್ತಿದ್ದಳು. ಸ್ಪರ್ಧೆಗೆ ಒಂದು ವಾರವಿದ್ದಾಗ ಅಮ್ಮ ಸ್ಕೂಲಿಗೆ ಬಂದು ಹೆಸರು ತೆಗೆಸಿದ್ದಳು. ಇವಳದು ಅಪ್ಪನ ಕಡೆಯ ಮೈ, ಅವರ ಅಕ್ಕನದೇ ಎರಕ, ಎಷ್ಟು ಓಡಿದರೂ ಅಷ್ಟೇ ಎಂದು ಟೀಚರಿಗೆ ತಿಳಿಹೇಳಿದ್ದಳು. ಅಪ್ಪನ ಅಕ್ಕ, ಅಂದರೆ ಸೋದರತ್ತೆ, ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಬರುತ್ತಿದ್ದ ಹೆಂಗಸು. ಐವತ್ತು ತುಂಬುವ ಮೊದಲೇ ಹೋಗಿಬಿಟ್ಟಳು. ಓಟದಿಂದ ಹೆಸರು ತೆಗೆಸಿದ ದಿನದಿಂದ ದೊಡ್ಡವಳು ಸ್ಕೂಲು ಮುಗಿಸಿ ಬಂದು ಗುಂಡಿ ಹಚ್ಚಲು ಕೂತಳು. ಮುಂದಿನ ವರ್ಷ ಚಿಕ್ಕವಳನ್ನು ಈಜಿಗೆ ಸೇರಿಸಿದರು. ಊಟಕ್ಕೆ ಕೂತರೆ ದೊಡ್ಡವಳ ತಟ್ಟೆಗೆ ಅಮ್ಮ ಒಂದು ಸೌಟು ಹೆಚ್ಚಿಗೆ ಹಾಕುತ್ತಿದ್ದಳು, ಆ ಮೈಗೆ ಬೇಕಾಗುತ್ತೆ ಎಂದು. ಅದೇ ಮಾತು. ನಲವತ್ತು ವರ್ಷದಿಂದ ಅದೇ ಮಾತು.

ಈಗ ಅವಳಿಗೆ ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತದೆ, ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡು ಎರಡು ವರ್ಷ. ಬೀದಿಯಲ್ಲಿ ಪುಕ್ಕಟೆ ಬುದ್ಧಿ ಹೇಳುವವರಿಗಂತೂ ಬರವಿಲ್ಲ. ಜಾಕೀಟಿನ ಅಳತೆ ಕೊಡಲು ಬಂದವರೂ, ಕೈ ಮೇಲೆತ್ತಿ ನಿಂತುಕೊಂಡೇ, ಬಾಯಿ ಕಟ್ಟಮ್ಮ ಎಂದು ಹೇಳಿ ಹೋಗುತ್ತಾರೆ. ಕಟ್ಟಿ ನೋಡಿದ್ದಾಳೆ ಅವಳು. ಮೂರು ತಿಂಗಳು ಕಟ್ಟಿದಾಗ ಎಂಟು ಕಿಲೋ ಇಳಿದು, ಬಿಟ್ಟ ಮೇಲೆ ಹತ್ತು ಏರಿತ್ತು. ಹಸಿದು ಹಸಿದು ಬಾಬಿನ್ನಿಗೆ ದಾರ ಸುತ್ತುವಾಗ ಕೈ ನಡುಗಿದ್ದು ಈ ಪುಣ್ಯಾತ್ಮರಿಗೇನು ಗೊತ್ತು?

ಅವಳ ಮಾತನ್ನು ಪೂರ್ತಿ ಕೇಳಿದ್ದು ಒಬ್ಬರೇ, ಹೊಸದಾಗಿ ಬಂದ ಡಾಕ್ಟರಮ್ಮ. ಎರಡು ತಿಂಗಳ ಹಿಂದಿನ ಮಾತು. ಮನೆಯಲ್ಲಿ ಇನ್ಯಾರು ಹೀಗಿದ್ದರು ಎಂದು ಕೇಳಿ, ಸೋದರತ್ತೆಯ ಕಥೆಯನ್ನು ಬರೆದುಕೊಂಡಿದ್ದರು. ಹೊಟ್ಟೆ ತುಂಬಿತು ಎಂಬ ಸುದ್ದಿ ಕೆಲವರ ತಲೆಗೆ ತಡವಾಗಿ ತಲುಪುತ್ತದೆ, ಹಸಿವು ಬೇಗ ಬರುತ್ತದೆ. ನೂರಾರು ಜೀನ್‌ಗಳು ಸ್ವಲ್ಪ ಸ್ವಲ್ಪ ಸೇರಿ ಹಾಗೆ ಮಾಡುತ್ತವೆ, ಅದು ಹೆತ್ತವರಿಂದ ಬರುವುದು, ನಿಮ್ಮ ಮನಸ್ಸು ಸಡಿಲ ಅಂತಲ್ಲ ಎಂದು ಹೇಳಿದ್ದರು. ದೊಡ್ಡವಳು ಆ ಕುರ್ಚಿಯಲ್ಲೇ ಅತ್ತುಬಿಟ್ಟಿದ್ದಳು. ಮನೆಗೆ ಬಂದವಳೇ ಅಮ್ಮನಿಗೂ ಫೋನಿನಲ್ಲಿ ತಂಗಿಗೂ ಹೇಳಿದಳು: ರಕ್ತದಲ್ಲೇ ಇದೆಯಂತೆ, ಡಾಕ್ಟರೇ ಹೇಳಿದರು.

ಡಾಕ್ಟರಮ್ಮ ಅಲ್ಲಿಗೆ ನಿಲ್ಲಿಸಿರಲಿಲ್ಲ. ಅಂಥ ರಕ್ತ ಇರುವವರಿಗೇ ಓಡಾಟ ಇತರರಿಗಿಂತ ಹೆಚ್ಚು ಬೇಕು. ನಡಿಗೆ, ನಿದ್ದೆ, ಮನೆಯ ಡಬ್ಬದಲ್ಲಿ ಏನಿದೆ ಎಂಬುದು ಅವರಿಗೇ ಹೆಚ್ಚು ತಟ್ಟುತ್ತದೆ ಎಂದಿದ್ದರು. ನಿಮ್ಮನ್ನು ಚಿಕ್ಕಂದಿನಲ್ಲಿ ಓಡಲು ಬಿಟ್ಟಿದ್ದರೆ ತೆಳ್ಳಗೆ ಆಗುತ್ತಿದ್ದಿರಿ ಅಂತ ನಾನು ಹೇಳಲಾರೆ, ಆದರೆ ಈ ಮಂಡಿ, ಈ ಸಕ್ಕರೆ ಇಷ್ಟು ಬೇಗ ಬರುತ್ತಿರಲಿಲ್ಲ ಅನಿಸುತ್ತೆ; ಈಗಲೂ ನಡೆಯಿರಿ ಎಂದಿದ್ದರು. ದೊಡ್ಡವಳು ಅದನ್ನು ಕೇಳಿಸಿಕೊಂಡಿದ್ದಳು, ಮನೆಗೆ ಮಾತ್ರ ತಂದಿರಲಿಲ್ಲ. ಇಷ್ಟು ವರ್ಷಕ್ಕೆ ಒಬ್ಬರು ನಿನ್ನದು ತಪ್ಪಲ್ಲ ಎಂದಿದ್ದರು. ಅಷ್ಟನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು, ಉಳಿದದ್ದನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದಳು.

ಆ ಅರ್ಧ ಮಾತು ಈಗ ಪುಟ್ಟಿಯ ಸೊಂಟಕ್ಕೆ ಬಂದು ಸುತ್ತಿಕೊಂಡಿತ್ತು. ದೊಡ್ಡವಳಿಗೆ ಅಮ್ಮನ ಮೇಲೆ ಎಷ್ಟು ಕೋಪ ಬಂತೋ ತನ್ನ ಮೇಲೂ ಅಷ್ಟೇ ಬಂತು. ಆ ದಿನ ನೀಲಿ ಬಟ್ಟೆಯನ್ನು ಅವಳು ಮುಟ್ಟಲಿಲ್ಲ. ಬೇರೆ ಯಾರದೋ ದಿಂಬಿನ ಕವರು ಹೊಲಿಯುತ್ತ ಕೂತವಳು ಮಷೀನನ್ನು ಎಷ್ಟು ಜೋರಾಗಿ ತುಳಿದಳೆಂದರೆ ಎರಡು ಸೂಜಿ ಮುರಿದವು.

ಗುರುವಾರ ಸ್ಕೂಲು ಬಿಟ್ಟ ಮೇಲೆ ಚಿಕ್ಕವಳು ಮಗಳ ಜೊತೆ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. ಕತ್ತರಿಸದ ಬಟ್ಟೆ ಮೇಜಿನ ಮೇಲೆ ಹಾಗೇ ಇತ್ತು. ಅದರ ಪಕ್ಕದಲ್ಲಿ ಎರಡು ಹಳದಿ ಫ್ರಾಕು, ಒಳಮೈ ಮೇಲೆ ಮಾಡಿ ಹಾಸಿದ್ದವು.

"ಇದೇನಿದು, ನಾಳೆ ಡ್ರೆಸ್ ಹಾಕ್ಕೊಂಡು ಹೋಗಬೇಕು" ಎಂದಳು ಚಿಕ್ಕವಳು.

ದೊಡ್ಡವಳು ತಂಗಿಯ ಕೈ ಹಿಡಿದು ಅವಳ ಬೆರಳನ್ನು ಮೊದಲು ಒಂದು ಫ್ರಾಕಿನ ಹೊಲಿಗೆಯ ಮೇಲೆ, ಆಮೇಲೆ ಇನ್ನೊಂದರ ಮೇಲೆ ಆಡಿಸಿದಳು. ತೂತುಗಳ ಸಾಲು ತೋರಿಸಿದಳು. ಹೊಲಿಗೆಯವರ ಮಗಳೇ ಆದ್ದರಿಂದ ಚಿಕ್ಕವಳಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಕನ್ನಡಕ ತೆಗೆದು ಸೀರೆಯಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಆರು ವರ್ಷಕ್ಕೇ ನನ್ನ ಹಣೆಬರಹ ಬರೆದುಬಿಟ್ಟಿದ್ದೆ, ಅಲ್ವಾ?" ಎಂದಳು ದೊಡ್ಡವಳು. ದನಿ ಏರಿರಲಿಲ್ಲ, ಏರಿದ್ದರೆ ವಾಸಿಯಿತ್ತು. "ಬರೆದು, ಅದಕ್ಕೆ ತಕ್ಕ ಹಾಗೆ ನನ್ನ ಸಾಕಿದೆ. ಓಟ ಬಿಡಿಸಿದೆ. ತಟ್ಟೆಗೆ ಜಾಸ್ತಿ ಹಾಕಿದೆ. ಕೂರಿಸಿ ಗುಂಡಿ ಹಚ್ಚಿಸಿದೆ. ಆಮೇಲೆ ನೋಡಿ, ನಾನು ಅವತ್ತೇ ಹೇಳಿರಲಿಲ್ವಾ ಅಂದೆ."

ಅಮ್ಮ ಕೂತಳು. ಅವಳಿಗೆ ಎಪ್ಪತ್ತು, ಜಗಳವಾದರೆ ಸೌಟು, ಪಾತ್ರೆ ಕುಕ್ಕಿ ಗೆಲ್ಲುವ ಹೆಂಗಸು. ಆವತ್ತು ಕುಕ್ಕಲು ಕೈಗೆ ಏನೂ ಸಿಗಲಿಲ್ಲವೇನೋ, ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

"ನಿಮ್ಮತ್ತೆ ಬಟ್ಟೆ ಹಿಡೀತು ಅಂತ ಬೆಳಿಗ್ಗೆ ಬೆಳಿಗ್ಗೆ ಅಳೋಳು" ಎಂದಳು. "ನಾನು ಈ ಮನೆಗೆ ಬಂದ ಹೊಸತು. ಅವಳ ಅಮ್ಮ ಅವಳನ್ನ ಹಂಗಿಸೋರು, ಹೊರಗೆ ಕಳಿಸ್ತಿರಲಿಲ್ಲ. ನೀನು ಹುಟ್ಟಿ ಎರಡು ವರ್ಷಕ್ಕೆ ಅದೇ ಮೈ ಕಾಣ್ತು. ನನ್ನ ಮಗಳು ಬಟ್ಟೆ ಹಿಡೀತು ಅಂತ ಒಂದು ದಿನಾನೂ ಅಳಬಾರದು ಅಂದ್ಕೊಂಡೆ. ಅಳಲಿಲ್ಲ ನೀನು. ಒಂದು ದಿನಾನೂ ಅಳಲಿಲ್ಲ."

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಮಗಳ ಕೋಪ ಕರಗಿಸಿ, ಅಮ್ಮನನ್ನು ತಬ್ಬಿಸಿ, ಎಲ್ಲರ ಕಣ್ಣೂ ಒದ್ದೆ ಮಾಡಿ ಮುಗಿಸುತ್ತಾರೆ. ದೊಡ್ಡವಳ ಕೋಪ ಕರಗಲಿಲ್ಲ. ಅಮ್ಮ ಪ್ರೀತಿಯಿಂದಲೇ ಮಾಡಿದ್ದಳು, ಅದು ಸುಳ್ಳಲ್ಲ. ಆದರೆ ಆ ಪ್ರೀತಿ ಅವಳ ಮೈಯ ಸುದ್ದಿಯನ್ನು ಅವಳಿಂದಲೇ ಮುಚ್ಚಿಟ್ಟಿತ್ತು. ಬಟ್ಟೆ ಬಿಗಿಯಾಗಿದ್ದರೆ ಒಂದು ದಿನ ಅಳುತ್ತಿದ್ದಳು, ಯಾಕೆ ಎಂದು ಕೇಳುತ್ತಿದ್ದಳು, ಓಟ ಬಿಡಿಸಬೇಡಿ ಎಂದು ಹಟ ಹಿಡಿಯುತ್ತಿದ್ದಳೋ ಏನೋ. ಕೇಳುವುದಕ್ಕೆ ಅವಕಾಶವೇ ಸಿಗಲಿಲ್ಲ. ಇದನ್ನೆಲ್ಲ ಅವಳು ಅಮ್ಮನಿಗೆ ಹೇಳಿದಳು, ಬಿಡಿಸಿ ಬಿಡಿಸಿ ಹೇಳಿದಳು, ಅಮ್ಮ ತಲೆ ತಗ್ಗಿಸಿಕೊಂಡು ಕೇಳಿದಳು.

ಚಿಕ್ಕವಳಿಗೆ ಒಳಗೊಳಗೆ ಗೆದ್ದ ಖುಷಿಯಾಯಿತು. ಅದಕ್ಕೇ ತಾನು ಬಿಗಿ ಮಾಡಿ ಹೊಲಿ ಎಂದದ್ದು, ಈ ಮುಚ್ಚುಮರೆ ತನಗೂ ಆಗುವುದಿಲ್ಲ, ಈಗಿನಿಂದಲೇ ಹಗ್ಗ ಬಿಗಿಹಿಡಿದರೆ ಮಾತ್ರ ದಾರಿಗೆ ಬರುತ್ತಾಳೆ ಎಂದು ಶುರು ಮಾಡಿದಳು.

"ರಕ್ತದಲ್ಲೇ ಇದೆ ಅಂತ ನೀನೇ ತಾನೆ ಫೋನ್ ಮಾಡಿ ಹೇಳಿದ್ದು?" ಎಂದಳು. "ಅವತ್ತಿಂದ ನಿದ್ದೆ ಇಲ್ಲ ನಂಗೆ. ಇವಳು ನಿನ್ನ ಹಾಗೆ ಆಗಿಬಿಟ್ರೆ..."

ಮಾತು ಅಲ್ಲಿಗೇ ನಿಂತಿತು. ಆಡಿದ ಮೇಲೆ ತಿರುಗಿ ನುಂಗಲು ಆಗದ ಮಾತು ಅದು. ಪುಟ್ಟಿ ಬಾಗಿಲ ಹತ್ತಿರ ಚೀಲ ತಬ್ಬಿಕೊಂಡು ನಿಂತು ಇಬ್ಬರನ್ನೂ ನೋಡುತ್ತಿದ್ದಳು.

"ನನ್ನ ಹಾಗೆ ಆದ್ರೆ ಏನಾಗುತ್ತೆ ಹೇಳು" ಎಂದಳು ದೊಡ್ಡವಳು. "ಹೇಳು, ನಿನ್ನ ಮಗಳು ಕೇಳಿಸ್ಕೊಳ್ಳಲಿ. ನೀನು ತೆಳ್ಳಗಿರೋಕೆ ಏನು ಮಾಡಿದೀಯಾ ಅದನ್ನೂ ಹೇಳು. ಮೊನ್ನೆ ಇದೇ ಸ್ಟೂಲ್ ಮೇಲೆ ಕೂತು ಏಳು ಬಿಸ್ಕತ್ತು ತಿಂದೆ. ನಾನು ಎಣಿಸಿದೆ. ಇವಳೂ ಎಣಿಸಿದ್ಲು."

ಚಿಕ್ಕವಳು ಪುಟ್ಟಿಯ ಕಡೆ ನೋಡಿದಳು. ಪುಟ್ಟಿ ಇಲ್ಲ ಎನ್ನಲಿಲ್ಲ.

ಆಗ ದೊಡ್ಡವಳು ಸ್ಟೂಲಿನ ಮೇಲೆ ಕೂತು, ಡಾಕ್ಟರಮ್ಮನ ಉಳಿದರ್ಧ ಮಾತನ್ನು ಹೇಳಿದಳು. ತಾನು ಅದನ್ನು ಬೇಕಂತಲೇ ಮನೆಗೆ ತರಲಿಲ್ಲ, ತನಗೆ ಹಿತವಾದದ್ದನ್ನು ಮಾತ್ರ ಹೆಕ್ಕಿಕೊಂಡು ಬಂದೆ, ಅದು ತನ್ನ ತಪ್ಪು ಎಂದೂ ಹೇಳಿದಳು. ಈ ರಕ್ತದ ಮಕ್ಕಳನ್ನೇ ಓಡಲು ಬಿಡಬೇಕು. ಹಸಿವಿನಲ್ಲಿ ಇಟ್ಟರೆ ಹಸಿವು ಇನ್ನಷ್ಟು ಕೆರಳುತ್ತದೆ. ಒಂದೇ ಮನೆಯಲ್ಲಿ ಒಬ್ಬಳಿಗೆ ಸೌತೆಕಾಯಿ, ಇನ್ನೊಬ್ಬಳಿಗೆ ಬಿಸ್ಕತ್ತು ಎಂದರೆ ಮಗು ಮನಸ್ಸಿಗೆ ನೋವು ಮಾಡಿಕೊಳ್ಳುತ್ತದೆ, ಕದ್ದು ತಿನ್ನುತ್ತದೆ. ತಿನ್ನುವುದಾದರೆ ಎಲ್ಲರೂ ಒಂದೇ ಊಟ ತಿನ್ನಿ, ಡಬ್ಬ ಬೇಡವೆಂದರೆ ಎಲ್ಲರಿಗೂ ಬೇಡ ಎಂದಳು.

"ಇಷ್ಟು ದಿನ ಇವಳಿಗೆ ಬೇಕಾದ್ದು ಒಂದೇ ಒಂದಿತ್ತು, ಓಟ. ಅದನ್ನೇ ನೀವಿಬ್ಬರೂ ಸೇರಿ ಕಿತ್ಕೊಳ್ತಿದೀರಿ" ಎಂದು ಮುಗಿಸಿದಳು.

ದೊಡ್ಡವಳು ಅಮ್ಮನ ಕೈಯಿಂದ ಟೇಪನ್ನು ತೆಗೆದುಕೊಂಡು ಪುಟ್ಟಿಯನ್ನು ಕರೆದಳು. ಟೇಪಿನ ತುದಿ ಅವಳ ಕೈಗೆ ಕೊಟ್ಟು, ನೆಟ್ಟಗೆ ನಿಂತು, ಎರಡೂ ಕೈ ಪಕ್ಕಕ್ಕೆ ಚಾಚಿದಳು. ತನ್ನ ಸೊಂಟ ಅಳೆ ಎಂದಳು. ಪುಟ್ಟಿ ಸುತ್ತು ಬಂದಳು, ಟೇಪು ಜಾರಿತು, ಮತ್ತೆ ಸುತ್ತಿದಳು. ನಾಲಿಗೆಯ ತುದಿ ಹೊರಗಿಟ್ಟು ಗೆರೆ ಎಣಿಸಿದಳು.

"ನಲವತ್ತಾರು" ಎಂದಳು.

ಆ ಮನೆಯಲ್ಲಿ ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಮ್ಮ ಬೆಚ್ಚಿದಳು. ದೊಡ್ಡವಳಿಗೆ ಭೂಮಿ ಬಾಯಿಬಿಡುತ್ತದೆ ಎಂಬ ಭಯವಿತ್ತು, ಹಾಗೇನೂ ಆಗಲಿಲ್ಲ. ನಲವತ್ತಾರು. ಕಾಗದದ ಅಂಗಡಿಯವಳದು ನಲವತ್ತೆಂಟು, ಮೂಲೆ ಮನೆಯ ಟೀಚರದು ನಲವತ್ನಾಲ್ಕು. ಅವರ ನಡುವೆ ಒಂದು ಸಾಲು. ಅವಳು ಅಳತೆ ಪುಸ್ತಕ ತೆರೆದು ತನ್ನ ಹೆಸರು ಬರೆದು, ಎದುರಿಗೆ ನಲವತ್ತಾರು ಎಂದು ಬರೆದಳು.

ಆಮೇಲೆ ಪುಟ್ಟಿಯ ಸರದಿ. ಉಸಿರು ಹಿಡಿಯಬೇಡ, ಬಿಡು ಎಂದಳು ದೊಡ್ಡವಳು. ಪುಟ್ಟಿ ಬಿಟ್ಟಳು. ಟೇಪನ್ನು ಸುತ್ತಿ, ಗೆರೆಯನ್ನು ಹುಡುಗಿಯೇ ಓದುವ ಹಾಗೆ ತಿರುಗಿಸಿದಳು.

"ಇಪ್ಪತ್ತೊಂಬತ್ತು" ಎಂದು ಓದಿದಳು ಪುಟ್ಟಿ. ಒಂದು ಕ್ಷಣ ಯೋಚಿಸಿ ಕೇಳಿದಳು, "ಅಷ್ಟೇನಾ?"

ಯಾರಿಗೂ ಹೇಳದೆ ಬಚ್ಚಿಟ್ಟ ಅಳತೆ ಮಗುವಿನ ಮನಸ್ಸಿನಲ್ಲಿ ಎಷ್ಟಕ್ಕೆ ಬೆಳೆದಿತ್ತೋ ಏನೋ. ದೊಡ್ಡವಳು ಹೌದು, ಅಷ್ಟೇ ಎಂದಳು. ಅದನ್ನೂ ಬರೆದಳು.

ಪುಟ್ಟಿಗೆ ಧೈರ್ಯ ಬಂದಿತ್ತು. ಮೇಜಿನ ಮೇಲಿನ ಹಳದಿ ಫ್ರಾಕಿನ ತೂತುಗಳನ್ನು ಬೆರಳಿನಿಂದ ಸವರುತ್ತ ಕೇಳಿದಳು.

"ದೊಡ್ಡಮ್ಮಾ, ನೀನು ನಿಜವಾಗ್ಲೂ ಓಡ್ತಿದ್ದೆಯಾ?"

"ಓಡ್ತಿದ್ದೆ."

"ಗೆದ್ದಿದ್ದೆಯಾ?"

ದೊಡ್ಡವಳು ಅಮ್ಮನ ಕಡೆ ನೋಡಲಿಲ್ಲ.

"ಗೊತ್ತಿಲ್ಲ ಮರೀ. ಓಡೋಕೆ ಬಿಡಲಿಲ್ಲ."

ಅಮ್ಮ ಎದ್ದಳು. ಮೇಜಿನ ಹತ್ತಿರ ಬಂದು, ನೀಲಿ ಬಟ್ಟೆಯ ಮೇಲೆ ತಾನೇ ಹಾಕಿದ್ದ ಗೆರೆಗಳನ್ನು ಅಂಗೈಯಿಂದ ತಟ್ಟಿ ತಟ್ಟಿ ಅಳಿಸಿದಳು. ಸೀಮೆಸುಣ್ಣದ ಪುಡಿ ಸೀರೆಗೆಲ್ಲ ಮೆತ್ತಿಕೊಂಡಿತು. ಇಪ್ಪತ್ತೊಂಬತ್ತಕ್ಕೆ ಸರಿಯಾಗಿ ಹೊಸ ಗೆರೆ ಹಾಕಲು ಬಗ್ಗಿದವಳ ಕೈ ಅರ್ಧಕ್ಕೇ ನಿಂತಿತು. ಐವತ್ತು ವರ್ಷ ಗೆರೆ ಹಾಕಿದ ಕೈ, ಯಾವತ್ತೂ ಯಾರನ್ನೂ ಕೇಳಿ ಹಾಕಿದ್ದಲ್ಲ.

"ಒಳಗೆ ಎಷ್ಟು ಬಿಡಲಿ?" ಎಂದು ಕೇಳಿದಳು.

"ಬೀದಿಯ ಮಕ್ಕಳಿಗೆಲ್ಲ ಎಷ್ಟು ಬಿಡ್ತೀಯೋ ಅಷ್ಟು" ಎಂದಳು ದೊಡ್ಡವಳು. "ಒಂದು ಬೆರಳು."

ಅಮ್ಮ ಒಂದು ಬೆರಳು ಇಟ್ಟು ಗೆರೆ ಎಳೆದಳು. ಗೆರೆ ಸ್ವಲ್ಪ ಅಲುಗಾಡಿತ್ತು. ದೊಡ್ಡವಳು ಕತ್ತರಿ ಎತ್ತಿಕೊಳ್ಳಲಿಲ್ಲ. ತಂಗಿಯ ಕಡೆ ತಿರುಗಿ ಕೈ ಚಾಚಿದಳು. ಯಾವುದಕ್ಕೆಂದು ಚಿಕ್ಕವಳಿಗೆ ಗೊತ್ತಾಯಿತು. ಕೈಚೀಲದೊಳಗೆ ಸ್ವಲ್ಪ ಹೊತ್ತು ತಡಕಾಡಿ, ನಾಲ್ಕು ಮಡಿಕೆಯಾಗಿದ್ದ ಸ್ಕೂಲಿನ ಕಾಗದ ತೆಗೆದಳು. ಮೇಜಿನ ಮೇಲೆ ಇಟ್ಟು ಸರಿಮಾಡಿದಳು. ಪೆನ್ನು ಹಿಡಿದು ಕೂತೇ ಇದ್ದಳು.

"ಕೊನೇಲಿ ಬಂದ್ರೆ?" ಎಂದಳು. ಅವಳ ದನಿಯಲ್ಲಿ ಮೊದಲ ಸಲ ಜಂಬ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. "ಎಲ್ಲರೂ ನಗ್ತಾರೆ ಅಕ್ಕಾ."

"ನಾನು ಅಲ್ಲೇ ನಿಂತಿರ್ತೀನಿ. ಯಾರು ನಗ್ತಾರೋ ನೋಡ್ತೀನಿ. ಕೊನೇಲಿ ಬರಲಿ, ಓಡಿ ಬರಲಿ."

ಚಿಕ್ಕವಳು ಸಹಿ ಹಾಕಿದಳು. ಪುಟ್ಟಿ ಆ ಕಾಗದವನ್ನು ಅಮ್ಮನ ಕೈಯಿಂದ ಕಿತ್ತುಕೊಂಡು ತನ್ನ ಚೀಲದ ತಳಕ್ಕೆ, ಪುಸ್ತಕಗಳ ಕೆಳಗೆ ತುರುಕಿದಳು. ಮನಸ್ಸು ಬದಲಾದರೂ ಸುಲಭವಾಗಿ ಸಿಗಬಾರದು ಎಂಬ ಹಾಗೆ.

ದೊಡ್ಡವಳು ಈಗ ಕತ್ತರಿ ಎತ್ತಿಕೊಂಡಳು. ಕೋಪ ಇಳಿದಿರಲಿಲ್ಲ, ಮೂವತ್ತು ವರ್ಷದ್ದು ಒಂದು ಮಧ್ಯಾಹ್ನಕ್ಕೆ ಇಳಿಯುವಂಥದ್ದೂ ಅಲ್ಲ. ಅಮ್ಮನ ಗೆರೆ ಅಲುಗಾಡಿದ ಕಡೆ ಅವಳು ಗೆರೆ ಬಿಟ್ಟು ನೇರವಾಗಿ ಕತ್ತರಿಸಿದಳು. ಮಿಕ್ಕ ಎರಡು ಬೆರಳಗಲದ ನೀಲಿ ಪಟ್ಟಿಗಳು ಕಾಲ ಬಳಿ ಬಿದ್ದವು. ಪುಟ್ಟಿ ಅವನ್ನು ಹೆಕ್ಕಿ, ಎರಡನ್ನೂ ಸೇರಿಸಿ ಗಂಟು ಹಾಕಿ, ನೆಲದ ಮೇಲೆ ಅಡ್ಡಕ್ಕೆ ಎಳೆದಿಟ್ಟಳು. ಓಟ ಶುರುವಾಗುವ ಗೆರೆ ಅದಂತೆ. ಅದರ ಹಿಂದೆ ಒಂದು ಕಾಲು ಮುಂದಿಟ್ಟು ನಿಂತು, ದೊಡ್ಡಮ್ಮನೂ ಬಂದು ಪಕ್ಕದಲ್ಲಿ ನಿಲ್ಲಬೇಕೆಂದಳು.

ದೊಡ್ಡವಳು ಕತ್ತರಿ ಕೆಳಗಿಟ್ಟು ಹೋಗಿ ನಿಂತಳು.